ಪೆನ್ಶನ್ನಿನ ಊರು, ಧಾರವಾಡ

ಬೆಳಗಿನ ಆರು ಗಂಟೆಗೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಹೋದರೆ ಓಡುವವರೂ ಸಿಗುತ್ತಾರೆ, ನಡೆಯುವವರೂ ಸಿಗುತ್ತಾರೆ. ಓಡುವವರು ವಿಜಯಪುರ, ಬಾಗಲಕೋಟೆ, ರಾಯಚೂರು ಕಡೆಯಿಂದ ಬಂದು ಸಪ್ತಾಪುರದ ಪಿ.ಜಿ.ಗಳಲ್ಲಿ ಉಳಿದು, ಪೊಲೀಸ್ ನೇಮಕಾತಿಗೆ ತಯಾರಾಗುತ್ತಿರುವ ಹುಡುಗರು. ಬನಿಯನ್ನು ಬೆವರಿಗೆ ತೊಯ್ದು ಮೈಗೆ ಅಂಟಿರುತ್ತದೆ. ಮೊಬೈಲ್ ಹಿಡಿದ ಗೆಳೆಯನೊಬ್ಬ ಬದಿಗೆ ನಿಂತು ಸೆಕೆಂಡು ಎಣಿಸುತ್ತಿರುತ್ತಾನೆ. ನಡೆಯುವವರೆಲ್ಲ ಅರವತ್ತು ದಾಟಿದವರು. ಕಿವಿಗೆ ಮಫ್ಲರು, ಕಾಲಿಗೆ ಮಗ ಅಮೆರಿಕದಿಂದ ತಂದ ಬೂಟು, ಕೈಯಲ್ಲಿ ಮಡಿಚಿದ ಛತ್ರಿ. ಛತ್ರಿ ಮಳೆಗಾಲದಲ್ಲಿ ಮಳೆಗೆ, ಉಳಿದ ದಿನ ನಾಯಿಗೆ.

ಸರ್ಕಾರಿ ನೌಕರಿ ಹಿಡಿಯಲು ಹೊರಟವರೂ ಅದನ್ನು ಮುಗಿಸಿ ಬಂದವರೂ ಒಂದೇ ಮೈದಾನ ಸುತ್ತುವ ಊರು ಕರ್ನಾಟಕದಲ್ಲಿ ಇನ್ನೊಂದು ಇದ್ದರೆ ಇರಲಿ, ನಾನಂತೂ ಕಂಡಿಲ್ಲ. ಎರಡು ಸುತ್ತು ಮುಗಿದ ಮೇಲೆ ಹಿರಿಯರು ಕಟ್ಟೆಗೆ ಬಂದು ಕೂಡುತ್ತಾರೆ. ಮಾತು ಮೊದಲು ಮೊಣಕಾಲಿನ ಮೇಲೆ, ಆಮೇಲೆ ಡಿ.ಎ. ಎಂಬ ತುಟ್ಟಿಭತ್ಯೆಯ ಮೇಲೆ.

‘ಡಿ.ಎ. ಆರ್ಡರ್ ಆತೇನ್ರಿ ಮಾಸ್ತರ?’

‘ಆಗೇತ್ರಿ. ಅರಿಯರ್ಸ್ ಯಾವಾಗ ಕೊಡತಾರಂತ ಮಾತ್ರ ಬರದಿಲ್ಲ.’

‘ನಿಮ್ಮ ಕಡೆ ನೀರು ಬಂತೇನ್ರಿ?’

‘ನಿನ್ನಿ ರಾತ್ರಿ ಎರಡಕ್ಕ ಬಿಟ್ಟಾರ. ಎದ್ದು ತುಂಬಿಸಿ ಮತ್ತ ನಿದ್ದಿ ಬರಲಿಲ್ಲ, ಸೀದಾ ಇಲ್ಲಿಗೇ ಬಂದೆ.’

ನಗು ಬರುತ್ತದೆ. ಆದರೆ ವಯಸ್ಸಾದ ಮೇಲೆ ಧಾರವಾಡಕ್ಕೆ ಬಂದು ನೆಲೆಸಬೇಕೆನ್ನುವವರು ತಿಳಿಯಬೇಕಾದದ್ದರಲ್ಲಿ ಅರ್ಧ ಈ ನಾಲ್ಕು ಮಾತಿನಲ್ಲೇ ಬಂದುಹೋಯಿತು.

ಈ ಊರಿಗೆ ನಿವೃತ್ತರು ಹೊಸಬರಲ್ಲ. ಮುಂಬಯಿ ಪ್ರಾಂತದ ಕಾಲದಿಂದಲೂ ಇದು ಜಿಲ್ಲೆಯ ಕಚೇರಿ, ಕೋರ್ಟು, ಸಾಲೆಗಳ ಊರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, 1917ರಲ್ಲಿ ಕರ್ನಾಟಕ ಕಾಲೇಜು ಬಂತು. ಆ ಕಾಲೇಜಿನ ಕಲ್ಲಿನ ಕಟ್ಟಡ ಅದಕ್ಕೂ ಮೊದಲು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಯಾಗಿತ್ತು. ವಿಶ್ವವಿದ್ಯಾಲಯ, ಆಕಾಶವಾಣಿ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, ಆಮೇಲೆ ಹೈಕೋರ್ಟ್ ಪೀಠ ಒಂದರ ಹಿಂದೊಂದು ಬಂದವು. ಹೊಗೆ ಉಗುಳುವ ಕಾರ್ಖಾನೆಗಳು ಹುಬ್ಬಳ್ಳಿಗೆ ಹೋದವು, ರಜಿಸ್ಟರು ಬರೆಯುವ ಕೆಲಸಗಳು ಇಲ್ಲಿ ಉಳಿದವು. ರೋಣ, ನರಗುಂದ, ಸವದತ್ತಿಯಿಂದ ಓದಲು ಬಂದವರು ಇಲ್ಲೇ ಮಾಸ್ತರಾದರು, ಕಾರಕೂನರಾದರು, ಪ್ರೊಫೆಸರಾದರು. ನೌಕರಿ ಮುಗಿಯಿತೆಂದು ಯಾರೂ ಗಂಟುಮೂಟೆ ಕಟ್ಟಲಿಲ್ಲ. ಬೇಂದ್ರೆಯವರನ್ನೇ ನೋಡಿ: ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿ, 1956ರಲ್ಲಿ ನಿವೃತ್ತರಾಗಿ ಸಾಧನಕೇರಿಯ ‘ಶ್ರೀಮಾತಾ’ಕ್ಕೆ ಮರಳಿದರು. ಜ್ಞಾನಪೀಠ ತಂದುಕೊಟ್ಟ ‘ನಾಕು ತಂತಿ’ ಬಂದದ್ದು ಆಮೇಲೆ, 1964ರಲ್ಲಿ. ಪೆನ್ಶನ್ನಿನ ವಯಸ್ಸಿನಲ್ಲಿ ಧಾರವಾಡ ಅಷ್ಟು ಕೊಟ್ಟಿತು ಎಂದು ಊರಿನವರು ಬೀಗಿದರೆ ತಪ್ಪೇನಿಲ್ಲ. ಆದರೆ ಬೇಂದ್ರೆಯವರ ಕಾಲಕ್ಕೆ ಟೋಲ್ ನಾಕಾದ ಟ್ರಾಫಿಕ್ ಇರಲಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನ ಮಗ ಮತ್ತು ವೈನಿ ಮನೆ ನೋಡಲು ಬಂದರು. ಅಣ್ಣ ಬೆಂಗಳೂರಿನಲ್ಲಿ ನೌಕರಿ ಮಾಡಿ ನಿವೃತ್ತನಾದವ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಹೆಚ್ಚುಕಡಿಮೆ ನಡುಮಧ್ಯಕ್ಕೆ ಧಾರವಾಡ ಬೀಳುತ್ತದೆ. ‘ಇಬ್ಬರಿಗೂ ಸಮಾ ದೂರ. ಒಬ್ಬರ ಮನ್ಯಾಗ ಇದ್ದು ಇನ್ನೊಬ್ಬರ ಕೂಡ ಮಾತು ಕೇಳೋದ ಬ್ಯಾಡ’ ಎಂದು ಅಣ್ಣ ಹೇಳಿದ. ಇಲ್ಲಿಗೆ ಬಂದು ನೆಲೆಸಿದ ಎಷ್ಟೋ ಮಂದಿಯ ಒಳಗಣ ಲೆಕ್ಕ ಇದೇ. ಅವರು ಬಾಯಿಬಿಟ್ಟು ಹೇಳುವುದು ಮಾತ್ರ ಹವಾಮಾನದ ಕಾರಣ.

ಹವಾಮಾನ ಚೆನ್ನಾಗಿದೆ, ಸುಳ್ಳಲ್ಲ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲೆ, ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಸಂಜೆಯಾದರೆ ಪಡುವಣ ಗಾಳಿ ಬೀಸುತ್ತದೆ. ಏಪ್ರಿಲ್‌ನಲ್ಲಿ ಸೆಕೆ ಏರಿತು ಎನ್ನುವಷ್ಟರಲ್ಲಿ ಒಂದು ಅಡ್ಡಮಳೆ ಬಿದ್ದು ಮಣ್ಣು ತಂಪಾಗುತ್ತದೆ. ಆದರೆ ಜೂನ್ ನಡುವಿನಿಂದ ಹಿಡಿಯುವ ಜಿಟಿಜಿಟಿ ಮಳೆ ಬೇರೆ ಮಾತು. ವಾರಗಟ್ಟಲೆ ಬಿಸಿಲಿಲ್ಲ, ಒಗೆದ ಧೋತರ ಮೂರು ದಿನವಾದರೂ ಹಸಿ. ಗೋಡೆಗೆ ಬೂಷ್ಟು, ದಮ್ಮು ಇದ್ದವರಿಗೆ ರಾತ್ರಿ ಕೆಮ್ಮು, ಸಂದುನೋವಿನವರಿಗೆ ಬೆಳಗಿನ ನರಳಾಟ. ಇನ್ನೊಂದು, ಊರು ಸಪಾಟಿಲ್ಲ. ಏರಿ, ಇಳಿಜಾರು, ಮತ್ತೆ ಏರಿ. ನಕ್ಷೆಯಲ್ಲಿ ಅರ್ಧ ಕಿಲೋಮೀಟರ್ ಎಂದು ಕಾಣುವ ದಾರಿಯನ್ನು ಮೊಣಕಾಲು ಒಂದೂವರೆ ಎಂದು ಎಣಿಸುತ್ತದೆ. ಇದನ್ನು ಯಾವ ಏಜೆಂಟನೂ ಹೇಳುವುದಿಲ್ಲ.

ಮೊದಲು ನೋಡಿದ್ದು ಸಪ್ತಾಪುರದಲ್ಲಿ. ಓಣಿಯ ತುಂಬ ಕೋಚಿಂಗ್ ಕ್ಲಾಸುಗಳ ಬೋರ್ಡು, ಝೆರಾಕ್ಸ್ ಅಂಗಡಿ, ಖಾನಾವಳಿ, ಚಹಾದಂಗಡಿ. ಎರಡನೆಯ ಮಹಡಿಯ ಮನೆ, ಗಾಳಿ ಬೆಳಕು ಚಂದ.

‘ಲಿಫ್ಟ್ ಎಲ್ಲಿ ಐತ್ರಿ?’ ವೈನಿ ಕೇಳಿದರು.

‘ಲಿಫ್ಟ್ ಇಲ್ರಿ ಅಕ್ಕಾರ. ಆದ್ರ ನಮ್ಮ ಮೆಟ್ಟಲಾ ಭಾಳ ಸಸಾರ ಅದಾವ್ರಿ.’

ಸಸಾರದ ಮೆಟ್ಟಿಲನ್ನು ವೈನಿ ಬಲಗಾಲು ಮೊದಲಿಟ್ಟು, ಎಡಗಾಲನ್ನು ಅದೇ ಮೆಟ್ಟಿಲಿಗೆ ತಂದು, ಮಗುವಿನಂತೆ ಒಂದೊಂದಾಗಿ ಏರಿದರು. ಮೇಲೆ ಹೋಗಿ ಹೊರಗಿನ ನೋಟವನ್ನೂ ನೋಡಲಿಲ್ಲ, ಅಡಿಗೆಮನೆಯನ್ನೂ ನೋಡಲಿಲ್ಲ. ಸೀದಾ ಬಚ್ಚಲಿಗೆ ಹೋಗಿ ನೆಲದ ಮೇಲೆ ಅಂಗಾಲು ಉಜ್ಜಿ ನೋಡಿದರು. ಹೊಳೆಯುವ ಟೈಲ್ಸು, ನೀರು ಬಿದ್ದರೆ ಜಾರುವಂಥದು. ಸಂಡಾಸಿನ ಬಾಗಿಲು ಒಳಗಡೆ ತೆರೆಯುತ್ತಿತ್ತು. ‘ಒಳಗ ಬಿದ್ದರ ಬಾಗಲಾ ನೂಕಾಕೂ ಬರೂದಿಲ್ಲ’ ಎಂದರು. ಅಲ್ಲಿಗೆ ಆ ಮನೆಯ ಕಥೆ ಮುಗಿಯಿತು. ಮನೆ ನೋಡಲು ಬರುವ ಗಂಡಸರು ಬಾಡಿಗೆ ಕೇಳುತ್ತಾರೆ, ಪಾರ್ಕಿಂಗ್ ಕೇಳುತ್ತಾರೆ. ಬಚ್ಚಲಿನ ನೆಲ ಮುಟ್ಟಿ ನೋಡಿದ ಗಂಡಸನ್ನು ನಾನು ಇನ್ನೂ ಕಾಣಬೇಕು.

ಸಪ್ತಾಪುರ ಬಿಡುವ ಮೊದಲು ಅಲ್ಲಿಯ ಒಂದು ವ್ಯವಸ್ಥೆಯನ್ನು ಹೇಳಲೇಬೇಕು. ಕೋಚಿಂಗ್ ಹುಡುಗರಿಂದಾಗಿ ಬಾಡಿಗೆ ಏರಿದೆ, ಗದ್ದಲ ಹೆಚ್ಚಿದೆ ಎಂದು ಬೈಯುವವರು ಬಹಳ. ಆದರೆ ಇಲ್ಲಿ ಸ್ವಂತ ಮನೆ ಇರುವ ಎಷ್ಟೋ ಮುದುಕ-ಮುದುಕಿಯರು ಬದುಕಿರುವುದು ಈ ಹುಡುಗರ ಆಸರೆಯಲ್ಲೇ. ಕೆಳಗೆ ಹಿರಿಯರು, ಮೇಲಿನ ಎರಡು ಕೋಣೆಯಲ್ಲಿ ನಾಲ್ಕು ಹುಡುಗರು. ತಿಂಗಳ ಬಾಡಿಗೆ ಪೆನ್ಶನ್ನಿಗೆ ಆತುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನದು ಬೇರೆ ಇದೆ: ಗ್ಯಾಸ್ ಸಿಲಿಂಡರ್ ಒಳಗೆ ಇಡಲು, ಫ್ಯೂಸ್ ಹಾಕಲು, ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟಲು, ರಾತ್ರಿ ಎರಡಕ್ಕೆ ಎದೆ ಹಿಡಿದರೆ ಆಟೋ ತರಲು ಮನೆಯಲ್ಲೇ ನಾಲ್ಕು ಗಟ್ಟಿ ಆಳು. ‘ಮ್ಯಾಲಿನ ಹುಡುಗೂರು’ ಎನ್ನುವುದು ಇಲ್ಲಿ ಒಂದು ನೆಂಟಸ್ತನದ ಹೆಸರೇ ಆಗಿಬಿಟ್ಟಿದೆ. ನೌಕರಿ ಸಿಕ್ಕವ ಪೇಡೆ ಪಾಕೀಟು ತಂದು ಕಾಲಿಗೆ ಬಿದ್ದು ಹೋಗುತ್ತಾನೆ, ಅವನ ಜಾಗಕ್ಕೆ ಅವನದೇ ಊರಿನ ಇನ್ನೊಬ್ಬ ಬರುತ್ತಾನೆ. ಇದಕ್ಕೆ ಸರ್ಕಾರದ ಯೋಜನೆ ಇಲ್ಲ, ಸಂಘ ಸಂಸ್ಥೆ ಇಲ್ಲ. ಮಹಾನಗರಗಳಲ್ಲಿ ಹಿರಿಯರಿಗೆಂದೇ ಕಟ್ಟುತ್ತಿರುವ, ಗಂಟೆ ಒತ್ತಿದರೆ ನರ್ಸ್ ಬರುವ ದುಬಾರಿ ವಸತಿಗಳ ಜಾಹೀರಾತು ನೋಡಿದಾಗಲೆಲ್ಲ ನನಗೆ ಸಪ್ತಾಪುರ ನೆನಪಾಗುತ್ತದೆ.

ಎರಡನೆಯದು ಬೈಪಾಸಿನ ಕಡೆಯ ಹೊಸ ಬಡಾವಣೆಯಲ್ಲಿ. ಸ್ವತಂತ್ರ ಮನೆ, ಸುತ್ತ ಜಾಗ, ಬೆಂಗಳೂರಿನವರ ಕಣ್ಣಿಗೆ ಪುಕ್ಕಟೆ ಎನ್ನಿಸುವ ಬೆಲೆ. ಅಣ್ಣ ಅಲ್ಲೇ ಗುಲಾಬಿ ಎಲ್ಲಿ, ಮಾವು ಎಲ್ಲಿ ಎಂದು ಗುರುತು ಹಾಕತೊಡಗಿದ. ಏಜೆಂಟ ‘ಎನ್‌.ಎ. ಆಗೇತ್ರಿ, ಉತಾರ ಕ್ಲಿಯರ್ ಐತ್ರಿ’ ಎಂದು ಕಾಗದ ತೋರಿಸಿದ. ನಾನು ಹಾಲಿನ ಅಂಗಡಿ ಎಲ್ಲಿ ಎಂದು ಕೇಳಿದೆ. ‘ಸ್ಕೂಟರ್ ಮ್ಯಾಲ ಐದು ಮಿನಿಟ್ರಿ.’ ಔಷಧದಂಗಡಿ? ‘ಅದೂ ಅಲ್ಲೇ ಮಗ್ಗಲಕ್ಕ.’ ಗಿರಣಿ? ‘ಬರತೈತ್ರಿ, ಮುಂದ ಬರತೈತಿ.’ ಅರವತ್ತೆರಡಕ್ಕೆ ಸ್ಕೂಟರಿನ ಐದು ಮಿನಿಟು ದೂರವೇನಲ್ಲ. ಎಪ್ಪತ್ತರ ಆಚೆ ಈಚೆ ಕಣ್ಣಿನ ಡಾಕ್ಟರು ಬಂಡಿ ಹೊಡೆಯಬೇಡಿ ಎನ್ನುತ್ತಾರೆ. ಆಗ ಆ ಗುಲಾಬಿ ತೋಟದಲ್ಲಿ ಇಬ್ಬರು ಕೂತು ಹಾಲಿನವನ ದಾರಿ ಕಾಯಬೇಕು. ಊರ ಹೊರಗಿನ ಅಗ್ಗದ ಮನೆ ನಿವೃತ್ತರ ಮಟ್ಟಿಗೆ ಅಗ್ಗವಲ್ಲ. ಉಳಿಸಿದ ದುಡ್ಡು ಆಟೋದವನಿಗೂ ಮನೆಗೆ ತಂದುಕೊಡುವವರಿಗೂ ಹನಿಹನಿಯಾಗಿ ಹೋಗುತ್ತದೆ.

ಬಸ್ಸಿನ ಮಾತು. ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೂ ರಸ್ತೆಯ ನಡುವೆ ಬೇರೆಯೇ ದಾರಿ ಮಾಡಿ ಓಡಿಸುವ ‘ಚಿಗರಿ’ ಬಸ್ಸುಗಳಿವೆ. 2018ರಲ್ಲಿ ಪ್ರಯೋಗಕ್ಕೆ ಓಡಿದವು, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದವು. ಇವನ್ನು ಬೈಯದ ಧಾರವಾಡಿಗ ಇಲ್ಲ: ರಸ್ತೆ ಇಕ್ಕಟ್ಟಾಯಿತು, ಮಳೆ ಬಂದರೆ ಟೋಲ್ ನಾಕಾ ಕೆರೆಯಾಗುತ್ತದೆ, ಇತ್ಯಾದಿ. ಬೈಗುಳದಲ್ಲಿ ಹುರುಳಿದೆ. ಆದರೂ ಮುದುಕರ ಪಾಲಿಗೆ ಇದರಷ್ಟು ಉಪಕಾರ ಮಾಡಿದ್ದು ಈಚೆಗೆ ಬೇರೆ ಯಾವುದೂ ಇಲ್ಲ ಎನ್ನುವುದು ನನ್ನ ತೀರ್ಮಾನ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಹಳೆಯ ಬಸ್ಸಿನ ಮೊದಲ ಮೆಟ್ಟಿಲಿಗೆ ಮೊಣಕಾಲನ್ನು ಎದೆತನಕ ಎತ್ತಬೇಕಿತ್ತು. ಇಲ್ಲಿ ಕೋಲು ಊರಿಕೊಂಡು ಪಡಸಾಲೆಯಿಂದ ಅಡಿಗೆಮನೆಗೆ ಹೋದ ಹಾಗೆ ಒಳಗೆ ಹೋಗಬಹುದು. ಒಳಗೆ ತಂಪು, ತೂಗಾಟ ಕಡಿಮೆ. ಕಷ್ಟ ಇರುವುದು ಬಸ್ಸಿನಲ್ಲಲ್ಲ, ಬಸ್ಸಿಗೆ ಹೋಗುವುದರಲ್ಲಿ. ನಿಲ್ದಾಣ ರಸ್ತೆಯ ನಟ್ಟನಡುವೆ. ಎರಡೂ ಬದಿಯ ವಾಹನಗಳನ್ನು ದಾಟಿ ತಲುಪುವಷ್ಟರಲ್ಲಿ ಬಿ.ಪಿ. ಏರಿರುತ್ತದೆ. ಫುಟ್‌ಪಾತ್ ಇದ್ದಲ್ಲಿ ಅದರ ಮೇಲೆ ಗೂಡಂಗಡಿ, ಗೂಡಂಗಡಿ ಇಲ್ಲದಲ್ಲಿ ಬೈಕು.

ಊರೊಳಗಿನ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಟಿಕೆಟ್ ಇಲ್ಲ. ಈ ‘ಶಕ್ತಿ’ ಯೋಜನೆ ಬಂದ ಮೇಲೆ ಅಜ್ಜಿಯರ ತಿರುಗಾಟ ಹೆಚ್ಚಿದೆ, ಅಜ್ಜರ ಗೊಣಗಾಟವೂ. ರೈಲಿನಲ್ಲಿ ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಿನಲ್ಲಿ ನಿಂತದ್ದು ಮೈದಾನದ ಕಟ್ಟೆಯಲ್ಲಿ ಇಂದಿಗೂ ಆರದ ಗಾಯ. ಬೆಂಗಳೂರಿಗೆ 2023ರ ಜೂನ್‌ನಲ್ಲಿ ಆರಂಭವಾದ ವಂದೇ ಭಾರತ್ ಇದೆ. ಮೊಮ್ಮಕ್ಕಳು ಅದರಲ್ಲಿ ಬರುತ್ತಾರೆ, ಅಜ್ಜ ರಾತ್ರಿಯ ರೈಲಿನಲ್ಲೇ ಹೋಗುತ್ತಾನೆ.

ದವಾಖಾನೆಯ ವಿಚಾರದಲ್ಲಿ ಧಾರವಾಡದ ಅನುಕೂಲ ಹುಬ್ಬಳ್ಳಿ. ಊರಲ್ಲೇ ಸಿವಿಲ್ ಆಸ್ಪತ್ರೆ ಇದೆ. ಮನಸ್ಸಿನ ಕಾಯಿಲೆಗೆ ನಾಡಿನ ಹಳೆಯ ಸಂಸ್ಥೆಗಳಲ್ಲೊಂದಾದ ಡಿಮ್ಹಾನ್ಸ್ ಇದೆ. ವಯಸ್ಸಾದವರ ಮಂಕು, ಮರೆವುಗಳನ್ನು ‘ಅರಳು ಮರಳು’ ಎಂದು ಸುಮ್ಮನೆ ಬಿಡದೆ ಅಲ್ಲಿಗೆ ಕರೆದುಕೊಂಡು ಹೋಗುವ ಮನೆಗಳು ಈಗೀಗ ಹೆಚ್ಚುತ್ತಿವೆ. ದೊಡ್ಡದಕ್ಕೆ ಸತ್ತೂರಿನ ಎಸ್‌.ಡಿ.ಎಂ., ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. ಮನೆ ಹಿಡಿಯುವ ಮೊದಲು ನಡುರಾತ್ರಿ ಆ ದೂರ ಎಷ್ಟು ಹೊತ್ತಿನದು ಎಂದು ಒಮ್ಮೆ ಹೋಗಿ ನೋಡಿಕೊಂಡರೆ ಒಳ್ಳೆಯದು. ಹಗಲಿನ ಗೂಗಲ್ ಹೇಳುವ ಮಿನಿಟುಗಳ ಮೇಲೆ ಎದೆನೋವನ್ನು ಬಿಟ್ಟುಕೊಡಬಾರದು.

ಇನ್ನು ದುಡ್ಡು. ಪೆನ್ಶನ್ನಿನ ಊರಿನ ನಿಜವಾದ ಹಬ್ಬ ದೀಪಾವಳಿಯಲ್ಲ, ನವೆಂಬರಿನ ಲೈಫ್ ಸರ್ಟಿಫಿಕೇಟು. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಸಾಬೀತು ಮಾಡಬೇಕು. 2014ರ ನವೆಂಬರಿನಿಂದ ಬೆರಳಚ್ಚಿನಲ್ಲೂ ಮಾಡಬಹುದು. ಒಂದು ಬ್ಯಾಂಕಿನ ಶಾಖೆಯಲ್ಲಿ ನೋಡಿದ್ದು: ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತರಾದ ಒಬ್ಬ ಅಕ್ಕೋರು ಹೆಬ್ಬೆರಳನ್ನು ಯಂತ್ರದ ಮೇಲೆ ಇಟ್ಟರು. ಕೆಂಪು ದೀಪ. ಗುಮಾಸ್ತೆ ಹುಡುಗಿ ಒದ್ದೆ ಬಟ್ಟೆಯಿಂದ ಬೆರಳು ಒರೆಸಿದಳು. ಕೆಂಪು. ತೋರುಬೆರಳು, ನಡುಬೆರಳು, ಎಡಗೈಯದು, ಎಲ್ಲಕ್ಕೂ ಕೆಂಪು. ಗೆರೆಗಳೇ ಸವೆದುಹೋಗಿದ್ದವು. ‘ನಲವತ್ತು ವರ್ಷ ಖಡು ಹಿಡದ ಕೈ ನೋಡವಾ’ ಎಂದು ಅಕ್ಕೋರು ಅಂಗೈ ತಿರುಗಿಸಿ ತೋರಿಸಿದರು. ಕೊನೆಗೆ ಹುಡುಗಿ ಮೊಬೈಲ್ ಕ್ಯಾಮೆರಾ ಹಿಡಿದು ‘ಚಾಳೀಸು ತಗೀರಿ, ಕಣ್ಣ ಮುಚ್ಚಿ ತಗೀರಿ ಅಕ್ಕೋರ’ ಎಂದಳು. ಕಣ್ಣು ಮಿಟುಕಿಸಿದ ಮೇಲೆ ಅಕ್ಕೋರು ಇನ್ನೊಂದು ವರ್ಷಕ್ಕೆ ಜೀವಂತರಾದರು. ಹಿಂದಿನ ಸಾಲಿನಲ್ಲಿ ಕೂತವರು ಚಪ್ಪಾಳೆ ತಟ್ಟಿದರು.

ಆ ಪೆನ್ಶನ್ನಿದೆಯಲ್ಲ, ಅದರ ಮೇಲೆಯೇ ಇಲ್ಲಿಯ ಔಷಧದಂಗಡಿ, ಖಾನಾವಳಿ, ಪುಸ್ತಕದಂಗಡಿ ನಿಂತಿವೆ. ಆದರೆ 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ನೌಕರಿಗೆ ಸೇರಿದವರು ಹಳೆಯ ಪೆನ್ಶನ್ನಿನವರಲ್ಲ, ಎನ್‌.ಪಿ.ಎಸ್.ನವರು. ಕಾರ್ಖಾನೆ, ಖಾಸಗಿ ಕಂಪನಿಗಳಿಂದ ಬಂದವರ ಇ.ಪಿ.ಎಫ್. ಪಿಂಚಣಿಯ ತಳಮಟ್ಟ 2014ರಿಂದ ತಿಂಗಳಿಗೆ ಸಾವಿರ ರೂಪಾಯಿಯಲ್ಲೇ ನಿಂತಿದೆ. ಏನೂ ಇಲ್ಲದ ಬಡವರಿಗೆ 65ರ ಮೇಲೆ ಸಂಧ್ಯಾ ಸುರಕ್ಷಾದ 1,200. ಹಾಗಾಗಿ ಇನ್ನು ಮುಂದೆ ಧಾರವಾಡಕ್ಕೆ ಬರುವ ನಿವೃತ್ತ ಡಿ.ಎ. ಎಣಿಸುವವನಲ್ಲ, ಬಡ್ಡಿ ಎಣಿಸುವವನು. ಅಣ್ಣ ಆ ಜಾತಿಯವನೇ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಹೆಚ್ಚೆಂದರೆ 30 ಲಕ್ಷ ಇಡಬಹುದು. ಬಡ್ಡಿ 2023ರ ಏಪ್ರಿಲ್‌ನಲ್ಲಿ ಶೇ 8.2ಕ್ಕೆ ಏರಿತು. ಆ ದರದಲ್ಲಿ ಪೂರ್ತಿ ಇಟ್ಟರೆ ಮೂರು ತಿಂಗಳಿಗೆ 61,500, ಅಂದರೆ ತಿಂಗಳಿಗೆ 20,500. ಐದು ವರ್ಷ ಅದು ಅಷ್ಟೇ, ಜೋಳದ ಬೆಲೆ ಮಾತ್ರ ಅಷ್ಟೇ ಇರುವುದಿಲ್ಲ. ಇಂಥವರಿಗೆ ಊರಿನ ಸೋವಿತನ ಶೋಕಿಯ ಮಾತಲ್ಲ, ಬದುಕಿನ ಲೆಕ್ಕ.

ಆ ಲೆಕ್ಕದಲ್ಲಿ ಧಾರವಾಡ ಇನ್ನೂ ಕೈಗೆಟುಕುತ್ತದೆ. ಮುಖ್ಯ ಕಾರಣ ಊಟ. ಓಣಿಗೊಂದರಂತೆ ರೊಟ್ಟಿ ಬಡಿದು ಮಾರುವ ಮನೆಗಳಿವೆ. ಬೆಳಗ್ಗೆ ಹತ್ತರ ಹೊತ್ತಿಗೆ ಆ ಮನೆಗಳ ಮುಂದೆ ನಿಂತರೆ ಒಳಗಿಂದ ಟಪ್ ಟಪ್ ಸಪ್ಪಳ. ಕಟ್ಟಿಗೆಯ ಕೊಣಮಗೆಯ ಮೇಲೆ ಅಂಗೈಯಗಲ ಹಿಟ್ಟು ತಟ್ಟುತ್ತ ತಟ್ಟುತ್ತ ಹಂಚಿನಗಲ ಆಗುತ್ತದೆ. ತೆಳ್ಳಗಿನ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಪಲ್ಯ. ಒಬ್ಬರೇ ಉಳಿದ ಅಜ್ಜನಿಗೆ ಅಡಿಗೆ ಬಾರದಿದ್ದರೂ ನಡೆಯುತ್ತದೆ. ಡಬ್ಬಿ ತರುವ ಹೆಣ್ಣುಮಗಳು ಬಾಗಿಲು ಬಡಿದಾಗ ತೆರೆಯದಿದ್ದರೆ ಪಕ್ಕದ ಮನೆಗೆ ಹೇಳಿಯೇ ಹೋಗುತ್ತಾಳೆ. ಹಲ್ಲಿಲ್ಲದವರಿಗೆ ಖಡಕ್ ಬೇಡ, ಬಿಸಿಯದು ಮೆತ್ತಗೆ ಕೊಡು ಎಂದರೆ ಅದಕ್ಕೂ ಬೇಸರವಿಲ್ಲ.

ಇಷ್ಟೆಲ್ಲ ಇದ್ದು ನೀರಿಲ್ಲ. ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಬಂದು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಊರಿಗೆ ಏರುತ್ತದೆ. ಕೆಲವು ವಾರ್ಡುಗಳಲ್ಲಿ ಹದಿನೈದು ವರ್ಷಕ್ಕೂ ಹಿಂದೆಯೇ ದಿನದ ಇಪ್ಪತ್ನಾಲ್ಕು ತಾಸು ನಳದಲ್ಲಿ ನೀರು ಬರುವ ಹಾಗೆ ಮಾಡಿ ದೇಶಕ್ಕೆಲ್ಲ ತೋರಿಸಿದರು. ಅಲ್ಲಿಂದ ಎರಡು ಓಣಿ ದಾಟಿದರೆ ನೀರು ಐದಾರು ದಿನಕ್ಕೊಮ್ಮೆ. ಕೆಲವೊಮ್ಮೆ ಇನ್ನೂ ತಡ, ಹೊತ್ತು ಗೊತ್ತಿಲ್ಲ. ಇಡೀ ಊರಿಗೆ ನಿರಂತರ ನೀರು ಎಂಬ ಕಾಮಗಾರಿ ರಸ್ತೆ ಅಗೆಯುವುದರಲ್ಲಿ ಮಾತ್ರ ನಿರಂತರ. ಮನೆಗೆ ನೆಲದೊಳಗಿನ ಟಾಕಿ ಇದ್ದು ಮೋಟರು ಗುಂಡಿ ಒತ್ತಿದರೆ ಮೇಲೇರುವಂತಿದ್ದರೆ ಸುಧಾರಿಸಬಹುದು. ಬ್ಯಾರಲ್ಲಿನಿಂದ ಕೊಡ ಎತ್ತಿ ಸುರಿಯುವ ಮನೆಯಾದರೆ ಎಪ್ಪತ್ತರ ಬೆನ್ನಿಗೆ ಆಗದ ಮಾತು. ಅಣ್ಣ ಮೂರು ಸಲ ‘ಕ್ಲೈಮೇಟ್ ಏನ್ ಮಸ್ತ್ ಐತೊ’ ಎಂದ. ವೈನಿ ಮೂರು ಸಲವೂ ‘ನೀರು?’ ಎಂದರು.

ಕೊನೆಗೆ ಒಪ್ಪಿಗೆಯಾದದ್ದು ಮಾಳಮಡ್ಡಿ. ರೈಲು ನಿಲ್ದಾಣದ ಮಗ್ಗುಲಿನ ಹಳೆಯ ಬಡಾವಣೆ. ಕಲ್ಲಿನ ಗೋಡೆ, ಮಂಗಳೂರು ಹಂಚು, ಹಿತ್ತಿಲಲ್ಲಿ ಮಾವು ಇದ್ದ ಬಂಗಲೆಗಳು ಒಂದೊಂದಾಗಿ ಮುರಿದು ಅಪಾರ್ಟ್‌ಮೆಂಟುಗಳಾಗುತ್ತಿವೆ. ಉಳಿದಿರುವ ಒಂದರ ಮುಂಭಾಗ ಖಾಲಿ ಇತ್ತು. ರಸ್ತೆಯಿಂದ ಮೂರೇ ಮೆಟ್ಟಿಲು. ಕಟ್ಟೆ, ಪಡಸಾಲೆ, ಎರಡು ಕೋಣೆ. ಬಚ್ಚಲಿಗೆ ಹಳೆಯ ಒರಟು ಫರಶಿ, ಜಾರುವ ಮಾತೇ ಇಲ್ಲ. ಮನೆಯೊಡತಿ ಎಂಬತ್ತರ ಆಸುಪಾಸಿನ ಅಜ್ಜಿ.

‘ಟಾಕಿ ಅದ, ಮೋಟರ್ ಅದ. ನೀರು ಬಂದಾಗ ನಾನೇ ಎಬ್ಬಿಸತೇನಿ, ನನಗ ಹ್ಯಾಂಗೂ ನಿದ್ದಿ ಬರೂದುಲ್ಲ’ ಎಂದರು. ಆಮೇಲೆ ವೈನಿಯ ಕಡೆ ತಿರುಗಿ, ‘ನಿಮಗ ಸ್ತೋತ್ರ ಬರ್ತಾವೇನ್ರಿ? ಸಂಜಿಗೆ ನಾವು ಆರು ಮಂದಿ ಕೂಡತೇವಿ’ ಎಂದು ಕೇಳಿದರು.

ಔಷಧದಂಗಡಿ, ಗಿರಣಿ, ಕಾಯಿಪಲ್ಲೆ ಗಾಡಿ ಎಲ್ಲ ನಡೆದು ಹೋಗುವಷ್ಟರಲ್ಲೇ ಇದ್ದವು. ಬಾಡಿಗೆ ಬೈಪಾಸಿನ ಕಡೆಯ ಮನೆಗಳಿಗಿಂತ ಹೆಚ್ಚು. ಹನ್ನೊಂದು ತಿಂಗಳ ಕರಾರು ಮಾಡಿಕೊಂಡರು. ಕೊಳ್ಳುವ ಮಾತನ್ನು ವೈನಿ ಎತ್ತಗೊಡಲಿಲ್ಲ.

ಸಂಜೆಗೆ ಏನು ಮಾಡುವುದು ಎಂಬ ಭಯ ಬೆಂಗಳೂರಿನಿಂದ ಬರುವವರಿಗೆ ಇರುತ್ತದೆ. ಅದೊಂದು ಇಲ್ಲಿ ಬೇಡ. ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸ, ದತ್ತಿ, ಪುಸ್ತಕ ಬಿಡುಗಡೆ ಏನಾದರೊಂದು ಇದ್ದೇ ಇರುತ್ತದೆ. ಪ್ರವೇಶ ಪುಕ್ಕಟೆ, ಮುಂದಿನ ಸಾಲುಗಳೆಲ್ಲ ಬಿಳಿ ತಲೆ. ಮಾತು ಉದ್ದವಾದರೆ ನಿದ್ದೆ ಹೋಗುವವರಿದ್ದಾರೆ, ಆದರೆ ತಪ್ಪು ಇಸವಿ ಹೇಳಿದರೆ ಆ ನಿದ್ದೆಯಿಂದಲೇ ಎದ್ದು ತಿದ್ದುವವರೂ ಅವರೇ. ಸುಭಾಸ ರಸ್ತೆಯಲ್ಲಿ 1933ರಿಂದ ಪುಸ್ತಕ ಪ್ರಕಟಿಸುತ್ತ ಬಂದ ಮನೋಹರ ಗ್ರಂಥಮಾಲೆಯ ಅಟ್ಟವಿದೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇದ್ದ ಊರಾದ್ದರಿಂದ ಹಾಡಿಕೆ ಕೇಳಲು ಟಿಕೆಟು ತೆಗೆಯಬೇಕೆಂದರೆ ಇಲ್ಲಿಯವರಿಗೆ ಈಗಲೂ ಆಶ್ಚರ್ಯ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೊಲವಿಲ್ಲದ ಹಿರಿಯರೂ ಹೋಗಿ ಬೀಜದ ಪಾಕೀಟು ತರುತ್ತಾರೆ. ಸಾಧನಕೇರಿ, ಕೆಲಗೇರಿ ಕೆರೆಯ ದಂಡೆಗಳಂತೂ ಇದ್ದೇ ಇವೆ.

ಮೈಸೂರು ಇದಕ್ಕಿಂತ ಚಂದ, ಸಪಾಟು, ಆಸ್ಪತ್ರೆಯೂ ಹೆಚ್ಚು. ಆದರೆ 2023ರಲ್ಲಿ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಬೆಂಗಳೂರಿನ ದುಡ್ಡು ಅಲ್ಲಿಗೆ ಒಂದೂವರೆ ತಾಸಿನಲ್ಲಿ ತಲುಪುತ್ತದೆ. ಉಡುಪಿ–ಮಣಿಪಾಲದಲ್ಲಿ ವೈದ್ಯ ಬಾಗಿಲಲ್ಲೇ, ಸೆಕೆಯೂ ಬಾಗಿಲಲ್ಲೇ. ಶಿವಮೊಗ್ಗ ನನಗೆ ಇಷ್ಟ, ಆದರೆ ನನ್ನ ನೆಂಟರು ಇರುವುದು ಇಲ್ಲಿ. ಊರು ಆರಿಸುವಾಗ ಈ ಕೊನೆಯ ಕಾರಣಕ್ಕೆ ನಾಚಿಕೆಪಡುವ ಅಗತ್ಯವಿಲ್ಲ. ಬಹಳ ಜನ ಅದನ್ನೇ ಹವಾಮಾನ ಎಂದು ಕರೆಯುತ್ತಾರೆ.

ಧಾರವಾಡದ ಬಗ್ಗೆ ಕೇಳುವವರಿಗೆ ನಾನು ಹೇಳುವುದು ಇಷ್ಟು. ಕೊಳ್ಳಬೇಡಿ, ಮೊದಲು ಬಾಡಿಗೆಗೆ ಇರಿ. ಬೈಪಾಸಿನಾಚೆ ಹೋಗಬೇಡಿ; ಮಾಳಮಡ್ಡಿ, ಸಾರಸ್ವತಪುರ, ನಾರಾಯಣಪುರದಂಥ ಹಳೆಯ ಓಣಿಗಳಲ್ಲಿ ನೆಲಮಟ್ಟದ ಮನೆ ಹುಡುಕಿ, ಬಾಡಿಗೆ ನಾಲ್ಕು ಕಾಸು ಹೆಚ್ಚಾದರೂ ಆಗಲಿ. ನೀರು ಎಷ್ಟು ದಿನಕ್ಕೊಮ್ಮೆ ಎಂದು ಮಾಲೀಕರನ್ನು ಕೇಳಬೇಡಿ, ಎದುರು ಮನೆಯವರನ್ನು ಕೇಳಿ. ಮತ್ತೆ, ಮನೆ ನೋಡಲು ಡಿಸೆಂಬರಿನಲ್ಲಿ ಬರಬೇಡಿ. ಡಿಸೆಂಬರಿನಲ್ಲಿ ಧಾರವಾಡ ಯಾರನ್ನಾದರೂ ಮರುಳು ಮಾಡುತ್ತದೆ. ಜುಲೈದಾಗ ಬರ್ರಿ.